ಕೆಲಸ ಹೋದಾಗ ಪದ್ಯ ಹಿಡ್ಕೊಂಡು ನಿಂತವರು ಯಾರಾದ್ರೂ ಇದ್ದೀರಾ?

ಹಾಸನದಿಂದ ಕೇಳ್ತಿದ್ದೀನಿ. ಒಂಬತ್ತು ವರ್ಷ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಈ ವರ್ಷ ಕಾರ್ಯಭಾರ ಇಲ್ಲ ಅಂತ ಕೈಬಿಟ್ಟರು. ಸಂಬಳ ಹೋಗಿದ್ದಕ್ಕಿಂತ 'ಮೇಡಂ' ಅನ್ನೋರು ಇಲ್ಲದ್ದು ಹೆಚ್ಚು ಚುಚ್ಚುತ್ತೆ. ಮೊನ್ನೆ ಹಳೇ ಪದ್ಯದ ಪುಸ್ತಕ ತೆಗೆದರೆ ಮನೆಯವರು "ಇದು ಹೊಟ್ಟೆ ತುಂಬಿಸುತ್ತಾ?" ಅಂದರು. ಅವರು ಅಂದಿದ್ದೂ ಸುಳ್ಳಲ್ಲ. ಕಷ್ಟದಲ್ಲಿ ಪದ್ಯ ನಿಜಕ್ಕೂ ಕೈಹಿಡಿಯುತ್ತಾ, ಇಲ್ಲ ಸ್ವಲ್ಪ ಹೊತ್ತು ಮರೆಸುತ್ತಾ ಅಷ್ಟೇನಾ? ಉಪದೇಶ ಬೇಡ, ನಿಮಗೆ ಆಗಿದ್ದು ಹೇಳಿ.

ಮೂಡಿಗೆರೆ ಕಡೆಯ ಬೆಳೆಗಾರ:
2019ರ ಆಗಸ್ಟ್ ಮಳೆಗೆ ನಮ್ಮ ತೋಟದ ಒಂದು ಮಗ್ಗುಲೇ ಕುಸಿದು ಹಳ್ಳ ಸೇರಿತು. ಅಪ್ಪ ನೆಟ್ಟ ಕಾಫಿ ಗಿಡ, ಮೆಣಸು ಹಬ್ಬಿದ್ದ ಸಿಲ್ವರ್ ಮರ, ಎಲ್ಲ. ನೋಡೋಕೆ ಬಂದವರೆಲ್ಲ ಕಗ್ಗ ಹೇಳಿ ಹೋದರು, ಹುಲ್ಲಾಗು, ಮಲ್ಲಿಗೆಯಾಗು ಅಂತ. ಡಿವಿಜಿ ಮೇಲೆ ನನಗೆ ಅಪಾರ ಗೌರವ. ಆದರೆ ಕೆಸರಲ್ಲಿ ನಿಂತವನಿಗೆ ಇನ್ನೊಬ್ಬರು ಕಗ್ಗ ಹೇಳಬಾರದು, ಅವನೇ ಹೇಳ್ಕೊಂಡರೆ ಬೇರೆ ಮಾತು. ನನ್ನನ್ನ ಹಿಡಿದದ್ದು ಬೇಂದ್ರೆಯವರ 'ನೀ ಹಿಂಗ ನೋಡಬ್ಯಾಡ ನನ್ನ'. ಮಗು ತೀರಿಕೊಂಡಾಗ ಹುಟ್ಟಿದ ಪದ್ಯ. ಅದರಲ್ಲಿ ಗಂಡ ಹೆಂಡತಿಗೆ ಧೈರ್ಯ ಹೇಳೋಕೆ ಹೋಗಲ್ಲ, ಅವಳ ಕಣ್ಣು ಎದುರಿಸೋಕೇ ಅವನಿಂದ ಆಗಲ್ಲ. ನಮ್ಮನೆಯವಳು ಜಗಲಿ ಮೇಲೆ ಕೂತು ಕುಸಿದ ಗುಡ್ಡ ನೋಡ್ತಿದ್ದಾಗ ನನಗೂ ಹಾಗೇ ಆಗಿತ್ತು, ಕೊಟ್ಟಿಗೆ ಕಡೆಯಿಂದ ಸುತ್ತಿ ಒಳಗೆ ಹೋಗ್ತಿದ್ದೆ. ಅಂಥ ಕವಿಗೇ ಆಗಲಿಲ್ಲವಲ್ಲ ಅನ್ನಿಸಿದ ದಿನ ಹೋಗಿ ಅವಳ ಪಕ್ಕ ಕೂತೆ.

ಚಿಕ್ಕಮಗಳೂರು ಪೇಟೆಯಿಂದ:
ಸ್ವಲ್ಪ ಕಟುವಾಗಿ ಹೇಳ್ತೀನಿ. ಮೂರು ವಾರ ನಿದ್ದೆ ಇಲ್ಲದಾಗ ನನ್ನ ತಲೆಗೆ ಯಾವ ಪದ್ಯವೂ ಹತ್ತಲಿಲ್ಲ. ಡಾಕ್ಟರ ಹತ್ತಿರ ಹೋದೆ, ಮಾತ್ರೆ ನುಂಗಿದೆ. ಊಟ ನಿದ್ದೆ ಕೆಟ್ಟಿದ್ದರೆ ಮೊದಲು ಅದನ್ನ ನೋಡ್ಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ಪುಸ್ತಕ ಎಲ್ಲೂ ಓಡಿಹೋಗಲ್ಲ.

ಅರಸೀಕೆರೆ, ನಿವೃತ್ತ ಕನ್ನಡ ಟೀಚರ್:
ಮೇಲಿನವರು ನುಂಗಿದ ಮಾತ್ರೆ ಬೇರೆ, ನಾನು ಎಣಿಸಿದ ಮಾತ್ರೆ ಬೇರೆ, ಪದ್ಯದ ಅಕ್ಷರ ಹೇಳೋಕೆ ಹಿಡಿಯೋ ಹೊತ್ತಿನ ಅಳತೆ. ಯಜಮಾನರ ಕೀಮೋ ಅಂತ ಆರು ತಿಂಗಳು ಆಸ್ಪತ್ರೆ ಬೆಂಚಲ್ಲಿ ಕೂತಿದ್ದೀನಿ. ಓದೋಕೆ ಮನಸ್ಸು ನಿಲ್ಲದು. ಅದಕ್ಕೇ ಭಾಮಿನಿ ಷಟ್ಪದಿ ಕಟ್ಟೋಕೆ ಹೊರಟೆ, ಕುಮಾರವ್ಯಾಸನ ಅಳತೆ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 3, 4, 3, 4, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇದಕ್ಕೆ ಮೂರು ಸಲ 3-4, ಕೊನೆಗೊಂದು ಗುರು, ಅಂದ್ರೆ ಎರಡು ಮಾತ್ರೆಯ ಅಕ್ಷರ, ಅಲ್ಲಿಗೆ 23. ಹೆಬ್ಬೆರಳಲ್ಲಿ ಗೆಣ್ಣು ಮುಟ್ಟುತ್ತಾ ಎಣಿಸ್ತಿದ್ದರೆ ಪಕ್ಕದ ಹೆಂಗಸು ಜಪ ಅಂದ್ಕೊಂಡು ಚಪ್ಪಲಿ ಬಿಟ್ಟು ಕೂತಳು! ಡ್ರಿಪ್ ಬಗ್ಗೆ, ಕ್ಯಾಂಟೀನಿನ ನೀರು ಕಾಫಿ ಬಗ್ಗೆ ಬರೆದೆ, ಹಾಲಿನ ಡೈರಿ ಪಾಸ್‌ಬುಕ್ಕಿನ ಹಿಂದೆ. ಪದ್ಯ ಕಳಪೆಯೇ, ಅದು ಬಿಡಿ. ರಿಪೋರ್ಟು ಡಾಕ್ಟರದ್ದು, ದುಡ್ಡು ಸಾಲದ್ದು, ಸಾಲು ಮಾತ್ರ ನನ್ನದು. ನಮ್ಮಜ್ಜಿ ರಾಗಿ ಬೀಸುವಾಗ ಅತ್ತೆ ಮೇಲಿನ ದೂರೆಲ್ಲ ಪದದಲ್ಲಿ ಹೇಳ್ತಿದ್ದರಂತೆ, ಅತ್ತೆ ಅಲ್ಲೇ ಮೊರ ಹಿಡಿದು ಕೂತಿದ್ದರೂ. ಪದಕ್ಕೆ ಯಾರೂ ಎದುರಾಡ್ತಿರಲಿಲ್ಲ.

ಕೇಳಿದವಳು, ಹಾಸನ:
ಅಕ್ಕ, ನಿನ್ನೆ ಸಾರು ಕುದಿಯೋ ಹೊತ್ತಿಗೆ ಒಂದು ಸಾಲು ಆಯ್ತು. "ಅಕ್ಕ ಕೇಳಿರಿ ಮನೆಯ ಮಾತನು". ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ, ಸರಿ ತಾನೇ? ಮನೆಯವರು ನನ್ನ ಬೆರಳು ನೋಡಿ ಚೀಟಿ ಲೆಕ್ಕವಾ ಅಂದರು. ಹೂಂ ಅಂದೆ.

ಅರಸೀಕೆರೆ:
ಸರಿ, ಹದಿನಾಲ್ಕೂ ಇದೆ. ಎರಡನೇ ಸಾಲಿಗೂ ಪ್ರಾಸ ಬೇಕು, ಎರಡನೇ ಅಕ್ಷರ ಕಕಾರದ ಒತ್ತೇ ಬರಬೇಕು. ಸಾರು ಒಲೆ ಮೇಲಿದೆಯಲ್ಲ, 'ಉಕ್ಕಿ' ಅಂತ ಶುರು ಮಾಡಿ.