ಟೆಕ್ಸಾಸ್‌ನಲ್ಲಿ ಸೊಂಟದಲ್ಲಿ ಪಿಸ್ತೂಲು: ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ: ಮೇಡಂ, ನಮಸ್ಕಾರ. ಮೈಸೂರಿನಿಂದ ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯ್ತು. ಎಚ್‌-1ಬಿ ವೀಸಾ, ಅಂದರೆ ತಾತ್ಕಾಲಿಕ ಕೆಲಸದ ವೀಸಾ. ನಿನ್ನೆ ದಿನಸಿ ಅಂಗಡಿಯಲ್ಲಿ ಬಿಲ್ ಮಾಡಿಸಲು ನಿಂತಿದ್ದೆವು. ನಮ್ಮ ಮುಂದಿದ್ದವರ ಸೊಂಟದಲ್ಲಿ ಪಿಸ್ತೂಲು! ಪೊಲೀಸರಲ್ಲ, ನಮ್ಮ ಹಾಗೇ ಹಾಲು, ಬ್ರೆಡ್ಡು ಹಿಡಿದು ನಿಂತವರು. ಮಗಳು ನನ್ನ ಕೈ ಬಿಡಲೇ ಇಲ್ಲ. ಇದು ಸರೀನಾ?

ಉತ್ತರ: ಕಾನೂನಿನ ಪ್ರಕಾರ ಸರಿ. ಮಗು ಹೆದರಿದ್ದೂ ಸಹಜವೇ. 2021ರ ಸೆಪ್ಟೆಂಬರ್ 1ರಿಂದ ಇಲ್ಲಿ 21 ತುಂಬಿದವರು, ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಹೊರಗೆ ಕಾಣುವಂತಿದ್ದರೆ ಹೋಲ್‌ಸ್ಟರ್‌ನಲ್ಲಿ (ಪಿಸ್ತೂಲು ಇಡುವ ಚೀಲದಲ್ಲಿ) ಇರಬೇಕು. ಶಾಲೆ, ಕೋರ್ಟು, ಮತಗಟ್ಟೆಗೆ ತರುವಂತಿಲ್ಲ. ಆದರೆ ಇದು ಟೆಕ್ಸಾಸ್‌ನ ಮಾತು. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಬೇಕೇ ಬೇಕು, ಇಲ್ಲಿಯದು ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಆಫೀಸಿನ ಗೆಳೆಯರು ಶನಿವಾರ ಶೂಟಿಂಗ್ ರೇಂಜ್‌ಗೆ ಕರೆಯುತ್ತಿದ್ದಾರೆ. ಬಾಡಿಗೆ ಬಂದೂಕು, ಸುಮ್ನೆ ನಾಲ್ಕು ಗುಂಡು ಹೊಡೆದು ಬರೋದು. ಹೋಗಬಹುದಲ್ವಾ?

ಉತ್ತರ: ದಯವಿಟ್ಟು ಬಂದೂಕು ಮುಟ್ಟಬೇಡಿ. ನೀವು ಕೇಳಿದ್ದರಲ್ಲಿ ಇದೇ ದೊಡ್ಡ ವಿಷಯ. ರಾಜ್ಯ ಏನೇ ಬಿಟ್ಟರೂ ಎಚ್‌-1ಬಿಯವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ತಡೆಯುತ್ತದೆ. ಬಾಡಿಗೆಗೆ ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಅದು ನಿಮ್ಮ ವಶದಲ್ಲಿದ್ದ ಹಾಗೆ. 15 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು, ವೀಸಾನೂ ಹೋಗುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದನ್ನು ಪಡೆದ ಮೇಲೂ ನಿಮ್ಮ ವೀಸಾ ವಕೀಲರನ್ನು ಕೇಳಿಯೇ ಹೋಗಿ. ಗ್ರೀನ್ ಕಾರ್ಡ್‌ನವರಿಗೆ ಈ ತಡೆ ಇಲ್ಲ. ಗೆಳೆಯರು 'ಏನಾಗಲ್ಲ ಬಾ' ಅನ್ನುವುದು ಅದಕ್ಕೇ ಇರಬಹುದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ದೇವಸ್ಥಾನದ ಬಾಗಿಲಿಗೆ 'ಬಂದೂಕು ತರಬೇಡಿ' ಅಂತ ಒಂದು ಚೀಟಿ ಅಂಟಿಸಿದರೆ ಸಾಕಾ?

ಉತ್ತರ: ಚೀಟಿ ನಂಬಬೇಡಿ. ಟೆಕ್ಸಾಸ್ ದಂಡ ಸಂಹಿತೆಯ ಸೆಕ್ಷನ್ ಪ್ರಕಾರ, ಮರೆಮಾಡಿ ತರುವ ಲೈಸೆನ್ಸ್‌ದಾರರಿಗೆ 30.06, ಕಾಣುವಂತೆ ತರುವ ಲೈಸೆನ್ಸ್‌ದಾರರಿಗೆ 30.07, ಲೈಸೆನ್ಸ್ ಇಲ್ಲದವರಿಗೆ 30.05, ಹೀಗೆ ಮೂರು ಬೋರ್ಡು ಹಾಕಿಸಿ. ಕಾನೂನಿನಲ್ಲಿರುವ ಮಾತೇ ಬರೆಸಬೇಕು. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಇರಲಿ, ಅಕ್ಷರ ಒಂದಿಂಚಾದರೂ ಎತ್ತರ ಇರಲಿ, ಬಣ್ಣ ಎದ್ದು ಕಾಣಲಿ. ಮುಂಬಾಗಿಲಿಗೆ ಮಾತ್ರ ಹಾಕಿ ಬಿಡಬೇಡಿ. ಚಪ್ಪಲಿ ಬಿಟ್ಟು ಒಳಗೆ ಬರುವ ಪಕ್ಕದ ಬಾಗಿಲಿಗೂ, ಊಟದ ಹಾಲ್‌ನ ಬಾಗಿಲಿಗೂ ಹಾಕಿಸಿ.