ಸಹಾಯ ಬೇಕು: ಕೋರಹನ ಮಕ್ಕಳು ಸತ್ತರಾ, ಉಳಿದರಾ?

ಎಲ್ಲರಿಗೂ ವಂದನೆಗಳು. ಈ ಭಾನುವಾರ ಸಂಡೇ ಸ್ಕೂಲ್ ದೊಡ್ಡ ಮಕ್ಕಳಿಗೆ ಬೈಬಲ್‌ನ ಅರಣ್ಯಕಾಂಡ 16ನೇ ಅಧ್ಯಾಯ ಹೇಳಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆ ಗೊತ್ತಿರುವುದೇ. ಲೇವಿ ಕುಲದವನಾದ ಕೋರಹ, ಜೊತೆಗೆ ದಾತಾನ್, ಅಬೀರಾಮ್ ಮತ್ತು 250 ಮುಖಂಡರು ಇಸ್ರಾಯೇಲ್ಯರ ನಾಯಕ ಮೋಶೆ, ಅವನ ಅಣ್ಣ ಮಹಾಯಾಜಕ ಆರೋನರ ವಿರುದ್ಧ ಎದ್ದರು. ಕೋರಹ ಮೋಶೆಗೆ ಚಿಕ್ಕಪ್ಪನ ಮಗ ಬೇರೆ, ಮನೆಯೊಳಗಿನ ಜಗಳವೇ ಅನ್ನಿ. ಎದುರು ನಿಂತವರಲ್ಲಿ ಕೆಲವರನ್ನು ಭೂಮಿ ಬಾಯಿ ತೆರೆದು ನುಂಗಿತು, ಧೂಪ ಹಾಕುತ್ತಿದ್ದ 250 ಜನರನ್ನು ಬೆಂಕಿ ಸುಟ್ಟಿತು. ಮರುದಿನ ಜನ ಮತ್ತೆ ಗೊಣಗಿದ್ದಕ್ಕೆ ವ್ಯಾಧಿ ಬಂದು 14,700 ಜನ ಸತ್ತರು.

ಗೊಂದಲ ಇಲ್ಲಿದೆ. 16:32ರಲ್ಲಿ ಅವರ ಮನೆಯವರನ್ನೂ ಕೋರಹನಿಗೆ ಸೇರಿದವರೆಲ್ಲರನ್ನೂ ಭೂಮಿ ನುಂಗಿತು ಅಂತಿದೆ. ಆದರೆ 26:11ರಲ್ಲಿ ಕೋರಹನ ಮಕ್ಕಳು ಸಾಯಲಿಲ್ಲ ಅಂತ ಸ್ಪಷ್ಟವಾಗಿದೆ! ಮುಂದೆ ಅದೇ ವಂಶದವರ ಹೆಸರಲ್ಲಿ 42, 84ರಂಥ ಕೀರ್ತನೆಗಳೂ ಇವೆ. 16:27 ನೋಡಿದೆ, ಡೇರೆ ಬಾಗಿಲಲ್ಲಿ ಹೆಂಡತಿ ಮಕ್ಕಳ ಜೊತೆ ನಿಂತವರು ದಾತಾನ್, ಅಬೀರಾಮ್ ಮಾತ್ರ. ಭೂಮಿ ನುಂಗಿದ್ದನ್ನು ಮತ್ತೆ ನೆನಪಿಸುವ ಧರ್ಮೋಪದೇಶಕಾಂಡ 11:6ರಲ್ಲೂ ಕೋರಹನ ಹೆಸರಿಲ್ಲ. ನಮ್ಮ ಪಾಸ್ಟರ್‌ನ ಕೇಳಿದರೆ "ಅವರು ಅಪ್ಪನ ಜೊತೆ ಸೇರಲಿಲ್ಲ, ಅಷ್ಟೇ" ಅಂದರು. ಸರಿ, ಆದರೆ ಆ ಮಾತು ಯಾವ ವಚನದಲ್ಲಿದೆ ಅಂತ ಹುಡುಕಿದರೆ ಸಿಗುತ್ತಿಲ್ಲ. ಮಕ್ಕಳು ಬಿಡುವವರಲ್ಲ, ಕೇಳೇ ಕೇಳುತ್ತಾರೆ.

ತಿಳಿದವರು ಹೇಳಿ: ಕೋರಹನ ಮಕ್ಕಳು ಹೇಗೆ ಉಳಿದರು ಅನ್ನೋದಕ್ಕೆ ನೇರ ವಚನ ಇದೆಯಾ, ಅಥವಾ ಅದು ಬರೀ ಊಹೆಯಾ?