ಪದಚರ್ಚೆ: ರಿಪೀಟರನ್ನು ‘ಒಗ್ಗಿಸು’ವುದೋ, ‘ಪಳಗಿಸು’ವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ನಾನು ಇರುವುದು ಅಮೆರಿಕದಲ್ಲಿ, ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆ. ಹವ್ಯಾಸಿ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಸ್ವಂತ ರೇಡಿಯೋ ಸೆಟ್ಟಿನಲ್ಲಿ ಒಬ್ಬರೊಡನೊಬ್ಬರು ಮಾತಾಡುವುದು, ನನಗೆ ಕಾಲೇಜು ದಿನಗಳಿಂದ ಅಂಟಿದ ಹುಚ್ಚು. ಇದಕ್ಕೂ, ಇದನ್ನು ಮಾಡುವವರಿಗೂ ‘ಹ್ಯಾಮ್’ ಎನ್ನುತ್ತಾರೆ. ಊರಿನಲ್ಲಿರುವ ಅಕ್ಕನ ಮಗಳು ಈಚೆಗೆ ಪರೀಕ್ಷೆ ಪಾಸು ಮಾಡಿ, ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತಿನ ಹೆಸರು) ಪಡೆದಳು. “ಮಾವ, ನಿಮ್ಮ ಕ್ಲಬ್ಬಿನಲ್ಲಿ ಯಾವುದೋ ಹಳೇ ರಿಪೀಟರನ್ನ ಹ್ಯಾಮ್‌ಗೆ ಬರೋ ಹಾಗೆ ಮಾಡಿದ್ರಲ್ಲ, ಅದನ್ನ ಕನ್ನಡದಲ್ಲಿ ಬರೆದುಕೊಡಿ. ನಮ್ಮ ಕಾಲೇಜಿನವರೂ ಓದ್ತಾರೆ” ಅಂದಳು. ಖುಷಿಯಿಂದ ಕೂತೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಆ “ಬರೋ ಹಾಗೆ ಮಾಡು” ಎನ್ನುವುದಕ್ಕೆ ಒಂದೇ ಪದ ಯಾವುದು?

ರಿಪೀಟರ್ ಎಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿಯುವ ಹ್ಯಾಮ್ ಸೆಟ್ಟಿನ ಶಕ್ತಿ ಸುಮಾರು 5 ವ್ಯಾಟ್. ನಡುವೆ ಒಂದು ಗುಡ್ಡ ಬಂದರೆ ಮಾತು ಆಚೆ ದಾಟುವುದು ಕಷ್ಟ. ಅದಕ್ಕೆ ಗುಡ್ಡದ ತುದಿಯಲ್ಲಿ ಒಂದು ಪೆಟ್ಟಿಗೆ ಇಡುತ್ತಾರೆ. ಅದು ಒಂದು ತರಂಗಾಂತರದಲ್ಲಿ ಕೇಳಿಸಿಕೊಳ್ಳುತ್ತದೆ. ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ತರಂಗಾಂತರದಲ್ಲಿ, ಜಾಸ್ತಿ ಶಕ್ತಿಯಲ್ಲಿ ಹೇಳುತ್ತದೆ. ನಮ್ಮಲ್ಲಿ ‘ಕೂಗಳತೆ’ ಎಂಬ ಒಳ್ಳೆಯ ಮಾತಿದೆ, ಅಲ್ವಾ? ರಿಪೀಟರ್ ಮಾಡುವುದು ಕೂಗಳತೆಯನ್ನು ಹಿಗ್ಗಿಸುವ ಕೆಲಸ.

ಇದಕ್ಕೆ ‘ಮರುಪ್ರಸಾರಕ’ ಎಂದು ಬರೆಯಬಹುದಿತ್ತು. ದೂರದರ್ಶನದ ಮರುಪ್ರಸಾರ ಕೇಂದ್ರಗಳನ್ನು ನೋಡಿ ಬೆಳೆದವರಿಗೆ ಪದ ಗೊತ್ತು. ಆದರೆ ನನಗೆ ಎರಡು ತಕರಾರಿವೆ. ಧಾರಾವಾಹಿಯ ಹಳೆಯ ಕಂತನ್ನು ಮತ್ತೆ ತೋರಿಸಿದರೂ ಮರುಪ್ರಸಾರವೇ. ಅದಕ್ಕಿಂತ ದೊಡ್ಡದು, ಹ್ಯಾಮ್‌ಗಳು ‘ಪ್ರಸಾರ’ ಮಾಡುವಂತೆಯೇ ಇಲ್ಲ. ಒಬ್ಬರಿಗೊಬ್ಬರು ಮಾತಾಡಬಹುದು, ಊರಿಗೆಲ್ಲ ಕಾರ್ಯಕ್ರಮ ಬಿತ್ತರಿಸುವಂತಿಲ್ಲ. ನಿಯಮ ಬೇಡ ಎಂದದ್ದನ್ನೇ ಹೆಸರಾಗಿ ಇಡುವುದು ಸರಿಯಲ್ಲ. ‘ಮಾರ್ದನಿ’ ಕೇಳಲು ಚೆಂದ. ಆದರೆ ಮಾರ್ದನಿ ಆಮೇಲೆ ಬರುವಂಥದ್ದು, ಇದು ಜೊತೆಜೊತೆಗೇ ನಡೆಯುವಂಥದ್ದು. ಕೇಳಿದ್ದನ್ನು ದಾಖಲಿಸಿಕೊಂಡು, ನೀವು ಮುಗಿಸಿದ ಮೇಲೆ ಅದೇ ತರಂಗಾಂತರದಲ್ಲಿ ಒಪ್ಪಿಸುವ ಇನ್ನೊಂದು ಬಗೆಯ ಪೆಟ್ಟಿಗೆ ಇದೆ. ಅಮೆರಿಕದ ಹ್ಯಾಮ್‌ಗಳು ಅದನ್ನು ಗಿಳಿ ಅನ್ನುತ್ತಾರೆ. ಮಾರ್ದನಿ ಎಂಬ ಹೆಸರು ಅದಕ್ಕೆ ಹೊಂದುತ್ತದೆ. ಸದ್ಯಕ್ಕೆ ರಿಪೀಟರ್ ಎಂದೇ ಇಟ್ಟುಕೊಂಡಿದ್ದೇನೆ. ಎಸ್‌ಎಸ್‌ಎಲ್‌ಸಿ ರಿಪೀಟರ್ ನೆನಪಾಗುತ್ತದೆ, ನಿಜ. ಒಂದು ಸಾಲಿನ ವಿವರಣೆ ಕೊಟ್ಟರೆ ಆಯಿತು.

ಮುಂದಿನ ತೊಡಕು ‘ಕಮರ್ಷಿಯಲ್’. ಟ್ಯಾಕ್ಸಿ, ಕಾರ್ಖಾನೆ, ಅಗ್ನಿಶಾಮಕ ದಳ ಇಂಥವರಿಗೆಂದು ತಯಾರಾದ ಸೆಟ್ಟುಗಳಿಗೆ ಹ್ಯಾಮ್‌ಗಳು ಹೇಳುವ ಮಾತು ಇದು. ‘ವಾಣಿಜ್ಯ ರಿಪೀಟರ್’ ಎಂದು ಬರೆದು ಕಳಿಸಿದೆ. ಅಕ್ಕನ ಮಗಳು ಅದನ್ನು ಎಫ್‌ಎಂ ಸ್ಟೇಷನ್ನಿನ ಜಾಹೀರಾತಿನ ಯಂತ್ರ ಎಂದುಕೊಂಡಳು. ಅವಳ ತಪ್ಪಲ್ಲ. ವಿವಿಧ ಭಾರತಿಯಲ್ಲಿ 1967ರಲ್ಲಿ ಜಾಹೀರಾತು ಶುರುವಾದಾಗಿನಿಂದ ರೇಡಿಯೋ ಪಕ್ಕದಲ್ಲಿ ವಾಣಿಜ್ಯ ಅಂದರೆ ನಮಗೆ ಜಾಹೀರಾತೇ. ಆಗ ನಾಟಕದವರ ಜೋಡಿ ನೆನಪಾಯಿತು: ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ. ‘ಹವ್ಯಾಸಿ ರೇಡಿಯೋ’ ಆಗಲೇ ಬಳಕೆಯಲ್ಲಿದೆ. ಹಾಗಾದರೆ ಅದರ ಜೋಡಿ ‘ವೃತ್ತಿ ರೇಡಿಯೋ’ ಆಗಲಿ. ಹೊಟ್ಟೆಪಾಡಿಗೆ ದುಡಿಯುವ ಸೆಟ್ಟು, ಪ್ರೀತಿಗೆ ದುಡಿಯುವ ಸೆಟ್ಟು. ಈ ಜೋಡಿಯ ಬಗ್ಗೆ ನನಗೆ ಅನುಮಾನವೇ ಇಲ್ಲ.

ಈಗ ಕ್ರಿಯಾಪದ. ‘ಅಳವಡಿಸು’ ಎಂದರೆ ಓದುಗ ಗೋಡೆಗೆ ಕೂರಿಸುವುದನ್ನು ನೆನೆಯುತ್ತಾನೆ. ‘ಪರಿವರ್ತಿಸು’ ಅಂದರೆ ಪೆಟ್ಟಿಗೆ ಬೇರೆಯದೇ ವಸ್ತುವಾಯಿತು ಅನ್ನಿಸುತ್ತದೆ. ‘ರೂಪಾಂತರ’ ನಾಟಕಕ್ಕೆ ಸರಿ. ‘ಮಾರ್ಪಡಿಸು’ ತಪ್ಪೇನಲ್ಲ, ಆದರೆ ಕತ್ತರಿಸಿ ಬೆಸುಗೆ ಹಾಕುವ ಕೆಲಸಕ್ಕಷ್ಟೇ ಹೊಂದುತ್ತದೆ. ಇಲ್ಲಿ ಆ ಕೆಲಸ ಕಡಿಮೆ.

ನಾವು ಮಾಡಿದ್ದನ್ನೇ ಹೇಳುತ್ತೇನೆ. ಅಮೆರಿಕದಲ್ಲಿ 150ರಿಂದ 174 ಮೆಗಾಹರ್ಟ್ಸ್ ನಡುವಿನ ವೃತ್ತಿ ಸೆಟ್ಟುಗಳು 2013ರ ಜನವರಿ 1ರಿಂದ ಅರ್ಧದಷ್ಟು ಅಗಲದ ಚಾನೆಲ್ಲಿಗೆ ಇಳಿಯಬೇಕಾಯಿತು. 25 ಕಿಲೋಹರ್ಟ್ಸ್ ಇದ್ದದ್ದು 12.5 ಆಯಿತು. ಹ್ಯಾಮ್ ಬ್ಯಾಂಡಿಗೆ, ಅಂದರೆ ಹ್ಯಾಮ್‌ಗಳಿಗೆಂದು ಬಿಟ್ಟುಕೊಟ್ಟ ತರಂಗಾಂತರಗಳಿಗೆ, ಆ ನಿಯಮ ಇಲ್ಲ. ಹಾಗಾಗಿ ಗಟ್ಟಿಮುಟ್ಟಾದ ಹಳೆಯ ಪೆಟ್ಟಿಗೆಗಳು ಹ್ಯಾಮ್‌ಗಳ ಕೈಗೆ ಬಂದವು. ನಮಗೆ ಸಿಕ್ಕಿದ್ದು ಜನರಲ್ ಎಲೆಕ್ಟ್ರಿಕ್‌ನ ಮಾಸ್ಟರ್ 2 ಎಂಬ ರಿಪೀಟರ್. ಅದರಲ್ಲಿ ತರಂಗಾಂತರವನ್ನು ತೀರ್ಮಾನಿಸುವುದು ಒಂದು ಹರಳು. ಕೇಳಲು ಒಂದು, ಹೇಳಲು ಒಂದು. ನಮ್ಮ ತರಂಗಾಂತರಕ್ಕೆ ಹೊಸ ಹರಳು ಹಾಕಿಸಿದೆವು. (ಸ್ಫಟಿಕ ಎಂದು ಬರೆಯುವವರಿದ್ದಾರೆ. ‘ಹರಳು’ ಇರುವಾಗ ಅದೇಕೆ?) ಆಮೇಲೆ ಒಳಗಿನ ಸುರುಳಿಗಳ ತಿರುಪುಗಳನ್ನು ಅಷ್ಟಿಷ್ಟೇ ತಿರುಗಿಸಿ 146 ಮೆಗಾಹರ್ಟ್ಸ್ ಹತ್ತಿರಕ್ಕೆ ಶ್ರುತಿ ಮಾಡಿದೆವು. ಇಷ್ಟು ಆದಾಗ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ನಿಜವಾದ ಕೆಲಸ ಇದ್ದದ್ದು ಡ್ಯುಪ್ಲೆಕ್ಸರಿನಲ್ಲಿ, ಅಂದರೆ ಕೇಳುವ ಮತ್ತು ಹೇಳುವ ತರಂಗಾಂತರಗಳನ್ನು ಬೇರೆ ಮಾಡುವ ಭಾಗದಲ್ಲಿ. ರಿಪೀಟರಿಗೆ ಆಂಟೆನಾ ಒಂದೇ. ಅದರಲ್ಲೇ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗಬೇಕು, ಅದೇ ಹೊತ್ತಿಗೆ ಒಂದು ಮೈಕ್ರೋವೋಲ್ಟಿಗಿಂತ ಸಣ್ಣ ಸಿಗ್ನಲ್ಲನ್ನೂ ಕೇಳಿಸಿಕೊಳ್ಳಬೇಕು. ವೃತ್ತಿ ಸೆಟ್ಟಿನಲ್ಲಿ ಕೇಳುವ ಮತ್ತು ಹೇಳುವ ತರಂಗಾಂತರಗಳ ನಡುವೆ ಎಷ್ಟೋ ಸಲ ಕೆಲವು ಮೆಗಾಹರ್ಟ್ಸ್ ಅಂತರ ಇರುತ್ತದೆ. ಎರಡು ಮೀಟರಿನ ಹ್ಯಾಮ್ ಬ್ಯಾಂಡಿನಲ್ಲಿ (ನಮ್ಮ 146 ಮೆಗಾಹರ್ಟ್ಸ್ ಇರುವುದು ಅದರಲ್ಲೇ) ಅದು 600 ಕಿಲೋಹರ್ಟ್ಸ್ ಮಾತ್ರ. ದೊಡ್ಡ ಅಂತರಕ್ಕೆಂದು ಮಾಡಿದ ಪುಟ್ಟ ಡ್ಯುಪ್ಲೆಕ್ಸರ್ ಇಷ್ಟು ಹತ್ತಿರದ ಎರಡನ್ನು ಬೇರೆ ಮಾಡಲಾರದು. ಆಗ ರಿಪೀಟರ್ ತನ್ನದೇ ಕೂಗಿಗೆ ತಾನೇ ಕಿವುಡಾಗುತ್ತದೆ. ಹತ್ತಿರದವರ ಮಾತು ಕೇಳುತ್ತದೆ, ದೂರದವರದು ತುಂಡು ತುಂಡಾಗುತ್ತದೆ. ನಮ್ಮದಕ್ಕೂ ಹೀಗೇ ಆಯಿತು. ಇದಕ್ಕೆ ನಾನು ‘ಕಿವಿಮಂದ’ ಎಂದು ಬರೆದಿದ್ದೇನೆ. ವಯಸ್ಸಾದವರಿಗೆ ಹೇಳುವ ಮಾತೇ ಇಲ್ಲಿಗೂ ಹೊಂದಿತು.

ಕೊನೆಗೆ ದೊಡ್ಡ ದೊಡ್ಡ ಆರು ಲೋಹದ ಡಬ್ಬಿಗಳ ಡ್ಯುಪ್ಲೆಕ್ಸರ್ ತಂದೆವು. ಪುಸ್ತಕದ ಕನ್ನಡದಲ್ಲಿ ಅವು ‘ಕುಹರ’ ಆಗಬೇಕೇನೋ. ಹ್ಯಾಮ್‌ಗಳು ಇಂಗ್ಲಿಷಿನಲ್ಲೂ ಡಬ್ಬಿ ಎಂದೇ ಕರೆಯುತ್ತಾರೆ, ಹಾಗಾಗಿ ನಾನೂ ಡಬ್ಬಿ ಎಂದೇ ಬರೆದೆ. ಪ್ರತಿ ಡಬ್ಬಿಯ ತಲೆಯಿಂದ ಒಂದು ಸರಳು ಒಳಗಿಳಿಯುತ್ತದೆ. ಅದನ್ನು ಕೂದಲೆಳೆಯಷ್ಟು ಎತ್ತಿ ಇಳಿಸಿ, ಮೀಟರ್ ನೋಡಿ, ಮತ್ತೆ ಎತ್ತಿ ಇಳಿಸಿ, ಆರನ್ನೂ ಕೂಡಿಸಬೇಕು. ಒಂದು ಶನಿವಾರ ಪೂರ್ತಿ ಹೋಯಿತು. ಸಂಗೀತದವರು ತಂಬೂರಿ ಹಿಡಿದು ಕೂತ ಹಾಗೆಯೇ ಇತ್ತು. ‘ಶ್ರುತಿ ಮಾಡು’ ಎಂಬ ಪದವನ್ನು ಇಲ್ಲಿ ಬಿಟ್ಟರೆ ಇನ್ನೆಲ್ಲಿ ಬಳಸುವುದು?

ಇಷ್ಟೆಲ್ಲ ಸೇರಿದ ಕೆಲಸಕ್ಕೆ ನನ್ನ ಮುಂದೆ ಎರಡು ಪದ ಉಳಿದಿವೆ. ಒಂದು ‘ಪಳಗಿಸು’. ಆನೆಗೆ ಹೇಳುತ್ತೇವೆ, ಹೊಸ ದೋಸೆ ಕಾವಲಿಗೂ ಹೇಳುತ್ತೇವೆ. ಜೀವ ಇಲ್ಲದ್ದಕ್ಕೂ ಸಲ್ಲುತ್ತದೆ ಎನ್ನುವುದು ಅದರ ಬಲ. ಆದರೆ ಪಳಗಿಸುವುದು ಇನ್ನೂ ಕಾಡಾಗಿರುವುದನ್ನು, ಹಸಿಯಾಗಿರುವುದನ್ನು. ನಮ್ಮ ಪೆಟ್ಟಿಗೆ ಹಾಗಲ್ಲ. ಹಗಲು ರಾತ್ರಿ ದುಡಿದು ಪಳಗಿ ಬಂದದ್ದು. ಅದರ ಬಾಳಿಕೆಗಾಗಿಯೇ ನಾವು ಅದನ್ನು ಹುಡುಕಿಕೊಂಡು ಹೋಗಿದ್ದು.

ಇನ್ನೊಂದು ‘ಒಗ್ಗಿಸು’. ಪೆಟ್ಟಿಗೆ ಅದೇ, ಊರು ಬೇರೆ. ಹೊಸ ಊರಿನ ನೀರಿಗೆ, ಹವೆಗೆ ಒಗ್ಗಬೇಕು. ನಡೆದದ್ದು ನಿಜಕ್ಕೂ ಇದೇ. “ವೃತ್ತಿ ರಿಪೀಟರನ್ನು ಹವ್ಯಾಸಿ ಬ್ಯಾಂಡಿಗೆ ಒಗ್ಗಿಸುವುದು” ಎಂದು ಬರೆದಾಗ ಮನಸ್ಸಿಗೆ ಸಮಾಧಾನ ಆಯಿತು. ಸಂಶಯ ಬಂದದ್ದು ಆಮೇಲೆ. “ಬೆಂಗಳೂರಿನ ನೀರು ನನಗೆ ಒಗ್ಗಲಿಲ್ಲ” ಅಂದರೆ ಒಗ್ಗಬೇಕಾದದ್ದು ನೀರು. “ನಾನು ಬೆಂಗಳೂರಿಗೆ ಒಗ್ಗಿಕೊಂಡೆ” ಅಂದರೆ ಒಗ್ಗಿದ್ದು ನಾನು. ಎರಡೂ ಕಡೆ ಒಂದು ಜೀವ ಇದೆ. ಬರೀ ವಸ್ತು ಇನ್ನೊಂದು ವಸ್ತುವಿಗೆ ‘ಒಗ್ಗಿತು’ ಎನ್ನುವ ಬಳಕೆ ನಿಮ್ಮ ಕಡೆ ಇದೆಯೇ? ಮರಗೆಲಸ, ಮಗ್ಗ, ಪಂಪ್‌ಸೆಟ್ ರಿಪೇರಿ, ಎಲ್ಲಾದರೂ ಕೇಳಿದ್ದೀರಾ? ಉದಾಹರಣೆ ವಾಕ್ಯ ಬರೆದರೆ ತುಂಬಾ ಉಪಕಾರ.

ಇನ್ನೊಂದು ಪದ ಬೇಗ ಕೇಳಿಬಿಡುತ್ತೇನೆ. ಬೇಡದ ಸಿಗ್ನಲ್ಲಿಗೆ ರಿಪೀಟರ್ ಎಚ್ಚರವಾಗದಿರಲಿ ಎಂದು ಮಾತಿನ ಜೊತೆಗೆ ಒಂದು ತಗ್ಗಿನ ಸ್ವರ ಕಳಿಸುತ್ತಾರೆ. 67ರಿಂದ ಸುಮಾರು 254 ಹರ್ಟ್ಸ್‌ವರೆಗೆ ಇಂಥ ಸ್ವರಗಳಿವೆ. ಕೇಳುವವರ ಕಿವಿಗೆ ಬೀಳದಂತೆ ಸೆಟ್ಟು ಅದನ್ನು ಸೋಸಿಬಿಡುತ್ತದೆ. ಮೊಟೊರೋಲಾ ಇದನ್ನು ಪ್ರೈವೇಟ್ ಲೈನ್ ಅಂದಿತು, ಜನರಲ್ ಎಲೆಕ್ಟ್ರಿಕ್ ಚಾನೆಲ್ ಗಾರ್ಡ್ ಅಂದಿತು, ಆರ್‌ಸಿಎ ಕ್ವಯಟ್ ಚಾನೆಲ್ ಅಂದಿತು. ಮೊದಲನೆಯದನ್ನು ನಂಬಿ ‘ಖಾಸಗಿ ಸ್ವರ’ ಎಂದರೆ ದಾರಿ ತಪ್ಪುತ್ತದೆ. ಇದರಿಂದ ಮಾತು ಗುಟ್ಟಾಗುವುದಿಲ್ಲ, ಯಾರು ಬೇಕಾದರೂ ಕೇಳಬಹುದು. ಎರಡನೆಯ ಹೆಸರು ಸತ್ಯಕ್ಕೆ ಹತ್ತಿರ. ಅದನ್ನು ಹಿಡಿದು ‘ಕಾವಲು ಸ್ವರ’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ರಿಪೀಟರಿಗೆ ಕನ್ನಡದ ಪದ ಹುಡುಕುವುದನ್ನೂ ನಾನು ಪೂರ್ತಿ ಕೈಬಿಟ್ಟಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಿಂದ ಗದ್ದೆಗೆ ‘ಕೂ’ ಹಾಕುತ್ತಿದ್ದರು. ಗದ್ದೆ ದೂರ. ನಡುವೆ ದರೆಯ ಮೇಲಿನ ಮನೆಯವರು ಕೇಳಿಸಿಕೊಂಡು, ಆ ಕಡೆಗೆ ತಿರುಗಿ ತಾವೂ ‘ಕೂ’ ಹಾಕುತ್ತಿದ್ದರು. ಊಟಕ್ಕೆ ಕರೆದದ್ದು ಅಪ್ಪನಿಗೆ ಹೀಗೆ ತಲುಪುತ್ತಿತ್ತು. ಹೀಗೆ ನಡುವೆ ನಿಂತು ಕೂಗು ದಾಟಿಸುವುದಕ್ಕೆ, ದಾಟಿಸುವವರಿಗೆ, ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಒಂದು ಹೆಸರು ಇತ್ತೇ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ನೋಡಿ. ಬರಹವನ್ನು ಅಲ್ಲಿಯವರೆಗೆ ಕಳಿಸದೆ ಇಟ್ಟುಕೊಂಡಿರುತ್ತೇನೆ.